ಎರಿ ಹೊಲದ ತೊಗರಿಗೆ ಎರಡನೇ ಚೀಲ ಡಿಎಪಿ: ಹಾಕಿದ್ರ ರೊಕ್ಕ ತಿರುಗಿ ಬರ್ತದೇನು?

ಜೇವರ್ಗಿ ಎರಿ
ಆಳ ಎರಿ (ಕಪ್ಪು ಮಣ್ಣು) ಭೂಮಿ, 8 ಎಕರೆ, ಪೂರಾ ಮಳಿ ಆಶ್ರಯ. ತಳಿ ಟಿಎಸ್-3ಆರ್, ಸಾಲಿಂದ ಸಾಲಿಗೆ 4 ಅಡಿ. ನಮ್ಮ ಕಡಿ ವಾಡಿಕಿ ಹಿಂಗದ: ಬಿತ್ತಗಿ ಮುಂದ ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರೋ ಗೊಬ್ಬರ), ಎಡಿ ಹೊಡ್ದ (ಸಾಲಿನ ನಡು ಕಳಿ ತೆಗೆದ) ಮ್ಯಾಲ ಇನ್ನೊಂದು ಚೀಲ ಡಿಎಪಿಗೆ ಅರ್ಧ ಚೀಲ ಯೂರಿಯಾ ಕೂಡಿಸಿ ಉಗ್ಗೋದು. ಎಕರೆಗೆ 2,833 ರೂಪಾಯಿ, ಎಂಟು ಎಕರೆಗೆ 22,600ರ ಮ್ಯಾಲೆ ಬರೀ ಸರಕಾರಿ (ರಾಸಾಯನಿಕ) ಗೊಬ್ಬರಕ್ಕ. ಎರಡನೇ ಚೀಲ ಬಿಟ್ರ ಇಳುವರಿ ಬೀಳ್ತದೇನು? "ಹಾಕ್ರಿ", "ಬ್ಯಾಡ್ರಿ" ಅನ್ನೋ ಉತ್ತರ ಬ್ಯಾಡ, ಲೆಕ್ಕ ಬೇಕು.

ಲೆಕ್ಕದ ಚೋಪಡಿ
ಮೊದಲು ಚೀಲ ಬಿಚ್ಚಿ ಒಳಗೇನದ ನೋಡೋಣ. ಚೀಲದ ರೇಟಿಗೆ ಅರ್ಥ ಇಲ್ಲ, ಪೋಷಕಾಂಶದ ಕಿಲೋ ರೇಟಿಗೆ ಅರ್ಥ ಅದ.

ಯೂರಿಯಾ 45 ಕೆಜಿ ಚೀಲ 266.50. ಸಾರಜನಕ ಶೇ 46, ಅಂದ್ರ ಚೀಲದಾಗ 20.7 ಕೆಜಿ. ಕಿಲೋಕ್ಕ 12.87 ರೂಪಾಯಿ ಬಿತ್ತು.
ಡಿಎಪಿ 50 ಕೆಜಿ ಚೀಲ 1,350. ಒಳಗ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಆ 9 ಕೆಜಿ ಸಾರಜನಕಕ್ಕ ಯೂರಿಯಾ ರೇಟಿನಂಗ 116 ರೂಪಾಯಿ ಕಳೀರಿ. ಉಳಿದ 1,234ನ್ನ 23ಕ್ಕ ಭಾಗಿಸಿದ್ರ ರಂಜಕ ಕಿಲೋಕ್ಕ 53.65.

ರಂಜಕ ಸಾರಜನಕಕ್ಕಿಂತ ನಾಕು ಪಟ್ಟು ತುಟ್ಟಿ. 2010ರ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು, ಯೂರಿಯಾನ ಅದರ ಹೊರಗಿಟ್ರು. ಅಲ್ಲಿಂದ ಈ ಅಂತರ ಬೆಳೀತು.

ಮಳಿ ಆಶ್ರಯದ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕೆಜಿ ಸಾರಜನಕ, 50 ಕೆಜಿ ರಂಜಕ. ಎಕರೆಗೆ 10 ಮತ್ತ 20. ಅದು ಒಂದೇ ಚೀಲ ಡಿಎಪಿದಾಗ ಮುಗೀತದ. ನಿಮ್ಮ ವಾಡಿಕಿಯೊಳಗ ಸಾರಜನಕ 28 ಕೆಜಿ, ರಂಜಕ 46 ಕೆಜಿ ಹೋಗ್ಲಿಕತ್ತಾವ. ಒಂದು ಸುಮಾರು ಮೂರು ಪಟ್ಟು, ಇನ್ನೊಂದು ಎರಡು ಪಟ್ಟಿಗಿಂತ ಜಾಸ್ತಿ.

ಈಗ ನಿಮ್ಮ ಪ್ರಶ್ನೆ. ಕೆಳಗಿನ ಇಳುವರಿ ಅಂಕಿ ಲೆಕ್ಕದ ರೀತಿ ತಿಳೀಲಿಕ್ಕ ಹಿಡಿದದ್ದು, ನಿಮ್ಮ ಹೊಲದ್ದಲ್ಲ. ಗೊಬ್ಬರ ಇಲ್ಲದ ಎಕರೆಗೆ 320 ಕೆಜಿ, ಒಂದು ಚೀಲಕ್ಕ 390, ಎರಡು ಚೀಲಕ್ಕ 405 ಅಂತ ಹಿಡೀರಿ. ತೊಗರಿ ಕ್ವಿಂಟಲ್‌ಗೆ 6,500.

ಭಾಳ ಮಂದಿ ಹಿಂಗ ಹಾಕ್ತಾರ: ಎರಡು ಚೀಲಕ್ಕ 2,700 ಖರ್ಚು, 85 ಕೆಜಿ ಜಾಸ್ತಿ ಬಂತು, 5,525 ರೂಪಾಯಿ ಆತು, ರೊಕ್ಕ ಡಬಲ್! ಲೆಕ್ಕ ತಪ್ಪಿಲ್ಲ, ಪ್ರಶ್ನೆ ತಪ್ಪದ. ಮೊದಲ್ನೇ ಚೀಲ ತಂದದ್ದು 70 ಕೆಜಿ, 4,550 ರೂಪಾಯಿ. ಎರಡನೇದು ತಂದದ್ದು 15 ಕೆಜಿ, 975 ರೂಪಾಯಿ. 1,350 ಕೊಟ್ಟು 975 ತಗೊಂಡಂಗಾತು. ಮೊದಲ ಚೀಲದ ಲಾಭದ ಬೆನ್ನಿಗೆ ಎರಡನೇ ಚೀಲದ ಲುಕ್ಸಾನ ಅಡಗಿ ಕೂತಿರ್ತದ.

ನೆನಪಿಡೋ ಅಂಕಿ ಒಂದೇ: 1,350 ಭಾಗಿಸು ಒಂದು ಕಿಲೋ ತೊಗರಿ ರೇಟು. 65 ರೂಪಾಯಿಗೆ ಮಾರಿದ್ರ 21 ಕೆಜಿ. ಬೆಂಬಲ ಬೆಲೆ 8,000ಕ್ಕ (2025-26) ಮಾರಿದ್ರ 17 ಕೆಜಿ. ಅಷ್ಟು ಜಾಸ್ತಿ ಬರ್ತದಂದ್ರ ಹಾಕ್ರಿ, ಇಲ್ಲಂದ್ರ ಬ್ಯಾಡ.

ಭೀಮಾ ದಂಡಿ
ಚೋಪಡಿಯವರ ಲೆಕ್ಕ 6,500ಕ್ಕ ಕೂತದ. 2023-24ರ ಹಂಗಾಮಿನ್ಯಾಗ ತೊಗರಿ 10 ಸಾವಿರ ದಾಟಿತ್ತಲ್ರಿ. ಆ ರೇಟಿಗೆ ಅದೇ 15 ಕೆಜಿಗೆ 1,500 ಬರ್ತದ. ಎರಡನೇ ಚೀಲನೂ 150 ರೂಪಾಯಿ ಉಳಿಸ್ತು. ಹಿಂಗಾದ ಮ್ಯಾಲೆ "ಒಂದೇ ಚೀಲ" ಅನ್ನೋದು ವೇದವಾಕ್ಯ ಹೆಂಗಾತು?

ಲೆಕ್ಕದ ಚೋಪಡಿ
ಖರೆ. ಗೊಬ್ಬರದ ಪ್ರಮಾಣ ಬರೀ ಮಣ್ಣಿನ ಗುಣ ಅಲ್ಲ, ರೇಟಿನ ಗುಣನೂ ಹೌದು. ಆದ್ರ ಎರಡು ಮಾತು.

ಚೀಲ ಕೊಳ್ಳೋದು ಜೂನ್‌ನ್ಯಾಗ, ಮಾರೋದು ಜನವರಿ-ಫೆಬ್ರುವರಿಯೊಳಗ. ಕೊಳ್ಳೋ ದಿನ ಕೈಯಾಗಿರೋದು ಖಾತ್ರಿ ಖರ್ಚು, ಅಂದಾಜಿನ ರೇಟು. ಹೋದ ವರ್ಷದ ಮ್ಯಾಲಿನ ರೇಟು ಹಿಡಿದು ಗೊಬ್ಬರ ಹಾಕೋದು ಕನ್ನಡಿ ನೋಡ್ಕೋತ ಗಾಡಿ ಹೊಡ್ದಂಗ.

ಎರಡನೇದು ಉದ್ರಿ. ನೂರಕ್ಕ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಿಡಿದ್ರ 8 ತಿಂಗಳಿಗೆ ಶೇ 16. ಅಂಗಡಿಯೊಳಗ 1,350 ಇದ್ದ ಚೀಲ ರಾಶಿ ಹೊತ್ತಿಗೆ 1,566 ಆಗಿರ್ತದ. ನೀವು ಹೇಳಿದ 1,500 ಇಲ್ಲೇ ಸೋತ್ತು. ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲದಾಗ ತಂದವರಿಗೂ ಅಡತಿ ಅಂಗಡಿಯೊಳಗ ಉದ್ರಿ ತಂದವರಿಗೂ ಒಂದೇ ಹೊಲಕ್ಕ ಬ್ಯಾರೆ ಬ್ಯಾರೆ ಪ್ರಮಾಣ ಸರಿ ಅನಸ್ತದ.

ನನ್ನ ರೂಢಿ: ಮಳಿ ಆಶ್ರಯದಾಗ ಒಂದು ರೂಪಾಯಿಗೆ ಎರಡು ರೂಪಾಯಿ ಬರೋ ಅಂದಾಜು ಇದ್ರಷ್ಟೇ ಹಾಕ್ಬೇಕು. ಬರೋಬ್ಬರಿಗೆ ಬರೋಬ್ಬರಿ ಅಂದ್ರ ಒಂದು ಮಳಿ ತಪ್ಪಿದ್ರ ಲುಕ್ಸಾನ. ಅಂದ್ರ 17-21 ಅಲ್ಲ, 34-42 ಕೆಜಿ ಜಾಸ್ತಿ ಬೇಕು.

ಕೂರಿಗಿ ಬಟ್ಟಲ
ಲೆಕ್ಕಕ್ಕಿಂತ ಮುಂಚೆ ಒಂದು ತಾಂತ್ರಿಕ ತಪ್ಪು ಯಾರೂ ಹೇಳಲಿಲ್ಲ. ಎಡೆ ಹೊಡೆದ ಮೇಲೆ ಡಿಎಪಿ ಉಗ್ಗುವುದೇ ವ್ಯರ್ಥ. ರಂಜಕ ಮಣ್ಣಿನಲ್ಲಿ ನಡೆಯುವುದಿಲ್ಲ, ಬಿದ್ದ ಜಾಗದಲ್ಲೇ ಕೂರುತ್ತದೆ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಜಾಸ್ತಿ, ಮೇಲೆ ಚೆಲ್ಲಿದ ರಂಜಕ ಕ್ಯಾಲ್ಸಿಯಂಗೆ ಕಟ್ಟಿಕೊಳ್ಳುತ್ತದೆ. ಮೇಲಿನ ಒಂದು ಇಂಚು ಮಣ್ಣು ನಾಲ್ಕು ದಿನ ಬಿಸಿಲಿಗೆ ಒಣಗಿದರೆ ಅಲ್ಲಿ ಬೇರೂ ಕೆಲಸ ಮಾಡುವುದಿಲ್ಲ. ತೊಗರಿ ಬೇರು ಕೆಳಗೆ, ಗೊಬ್ಬರ ಮೇಲೆ.

ಹಾಗಾಗಿ ಎರಡನೇ ಚೀಲ 15 ಕೆಜಿ ತರುತ್ತದೆ ಎಂಬ ಊಹೆಯೇ ಉದಾರ. ಹಾಕುವುದಿದ್ದರೆ ಬಿತ್ತುವಾಗಲೇ, ಬೀಜಕ್ಕಿಂತ 5 ಸೆಂಟಿಮೀಟರ್ ಕೆಳಗೆ ಮತ್ತು 5 ಸೆಂಟಿಮೀಟರ್ ಪಕ್ಕಕ್ಕೆ ಬೀಳುವಂತೆ, ಎರಡು ಬಟ್ಟಲಿನ ಕೂರಿಗೆಯಲ್ಲಿ. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಗೊಬ್ಬರದ ಕೊಳವೆ ಬೀಜದ ಕೊಳವೆಗೇ ಸೇರಿದ್ದರೆ ಹಿಂದಿನಿಂದ ಬಿಚ್ಚಿ ನೋಡಿ. ಎರಡೂ ಒಂದೇ ಗೆರೆಗೆ ಬಿದ್ದು, ಹಸಿ ಕಡಿಮೆ ಇದ್ದರೆ ಡಿಎಪಿಯಿಂದ ಏಳುವ ಅಮೋನಿಯಾಕ್ಕೆ ಮೊಳಕೆ ಸುಡುತ್ತದೆ. ಆಮೇಲೆ ಬೀಜ ಖೊಟ್ಟಿ ಎಂದು ಜಗಳ.

ಬೀಜಕ್ಕೆ ರೈಜೋಬಿಯಂ (ಬೇರುಗಂಟು ಕಟ್ಟಿಸುವ ಜೀವಾಣು) ಹಚ್ಚಿದ್ದರೆ ಡಿಎಪಿ ಸೋಂಕಲೇಬಾರದು. ಹಚ್ಚುವ ಕ್ರಮವೂ ಮುಖ್ಯ: ಮೊದಲು ಶಿಲೀಂಧ್ರನಾಶಕ, ಕೊನೆಗೆ ಜೀವಾಣು ಗೊಬ್ಬರ, ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತನೆ. ರೈಜೋಬಿಯಂ 200 ಗ್ರಾಂ, ರಂಜಕ ಕರಗಿಸುವ ಪಿಎಸ್‌ಬಿ 200 ಗ್ರಾಂ ಒಂದು ಎಕರೆ ಬೀಜಕ್ಕೆ ಸಾಕು. ಕ್ಯಾಲ್ಸಿಯಂ ಕ್ಲೋರೈಡ್ ಶೇ 2ರ ದ್ರಾವಣದಲ್ಲಿ 1 ಗಂಟೆ ನೆನೆಸಿ 7 ಗಂಟೆ ನೆರಳಿಗೆ ಒಣಗಿಸುವುದನ್ನು ಇದಕ್ಕೂ ಮುಂಚೆ ಮಾಡಿಕೊಳ್ಳಿ.

ಜೇವರ್ಗಿ ಎರಿ
ಹಂಗಾದ್ರ ಯೂರಿಯಾ? ಆಗಸ್ಟ್‌ದಾಗ ಜಡಿ ಮಳಿ ಹಿಡಿದ್ರ ಬೆಳಿ ಹಳದಿ ಆಗ್ತದ, ಯೂರಿಯಾ ಉಗ್ಗಿದ ಮ್ಯಾಲ ಹಸರಾಗ್ತದ.

ಕೂರಿಗಿ ಬಟ್ಟಲ
ಹಸಿರಾಗುವುದು ಬಹುಪಾಲು ಮಳೆ ನಿಂತು ಬೇರಿಗೆ ಗಾಳಿ ಸಿಕ್ಕಿದ್ದಕ್ಕೆ. ಹೆಸರು ಯೂರಿಯಾಕ್ಕೆ. ನೀರು ನಿಂತ ಎರೆಯಲ್ಲಿ ಇದ್ದ ಸಾರಜನಕವೂ ಅನಿಲವಾಗಿ ಹಾರುತ್ತದೆ, ಅದರ ಮೇಲೆ ಇನ್ನಷ್ಟು ಚೆಲ್ಲಿದರೆ ಅದೂ ಹಾರುತ್ತದೆ. ಮೊದಲ ಕೆಲಸ ಸಾಲಿನ ನಡುವೆ ಬಸಿಗಾಲುವೆ ಬಿಡುವುದು. ಬಹಳ ಬಳಲಿದ್ದರೆ ಶೇ 2ರ ಯೂರಿಯಾ ಎಲೆಗೆ ಸಿಂಪಡಿಸಿ: 200 ಲೀಟರ್ ನೀರಿಗೆ 4 ಕೆಜಿ. ಚೀಲದ ಹತ್ತನೇ ಒಂದು ಪಾಲೂ ಆಗಲಿಲ್ಲ.

ಹಳದಿ ಎಲ್ಲಿ ಎಂದು ನೋಡಿ. ಕೆಳಗಿನ ಹಳೆ ಎಲೆ ಒಂದೇ ಸಮ ಹಳದಿ ಇದ್ದರೆ ಸಾರಜನಕದ ಕೊರತೆ. ಮೇಲಿನ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಸುಣ್ಣದ ಎರೆಯಲ್ಲಿ ಇದು ಮಾಮೂಲು, ಯೂರಿಯಾ ಎಷ್ಟು ಸುರಿದರೂ ಹೋಗದು. ಶೇ 0.5ರ ಕಬ್ಬಿಣದ ಸಲ್ಫೇಟ್‌ಗೆ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿ ಸಿಂಪಡಿಸಬೇಕು. ಗಿಡ ಅಲ್ಲೊಂದು ಇಲ್ಲೊಂದು ಬಾಡಿ ಒಣಗುತ್ತಿದ್ದರೆ ಕಾಂಡ ಸೀಳಿ. ಒಳಗೆ ಕಂದು-ಕಪ್ಪು ಗೆರೆ ಕಂಡರೆ ಅದು ನೆಟೆ ರೋಗ, ಗೊಬ್ಬರದ ಮಾತೇ ಅಲ್ಲ.

ಸಾರಜನಕ ಜಾಸ್ತಿಯಾದರೆ ತೊಗರಿ ಗಾಳಿಯ ಸಾರಜನಕ ಹಿಡಿದು ಕೊಡುವ ತನ್ನ ಬೇರುಗಂಟು ಕಟ್ಟುವುದನ್ನೇ ಬಿಡುತ್ತದೆ. ಪುಕ್ಕಟೆ ಬರುವುದನ್ನು ರೊಕ್ಕ ಕೊಟ್ಟು ನಿಲ್ಲಿಸಿದ ಹಾಗೆ. 40-45ನೇ ದಿನಕ್ಕೆ ಗಿಡ ಅಗೆದು ಗಂಟು ಕೊಯ್ದು ನೋಡಿ. ಒಳಗೆ ಕೆಂಪು ಇದ್ದರೆ ಕೆಲಸ ನಡೆದಿದೆ, ಬಿಳಿ ಅಥವಾ ಹಸಿರು ಇದ್ದರೆ ನಿಂತಿದೆ.

ಮಸಾರಿ ಬೀದರ
ಭಾಲ್ಕಿ-ಹುಮನಾಬಾದ್ ಕಡಿ ಮಸಾರಿ (ಕೆಂಪು ಮಣ್ಣು) ಭೂಮಿಯವರು ಈ ಲೆಕ್ಕ ಹಂಗೇ ಎತ್ಕೋಬ್ಯಾಡ್ರಿ. ಜಂಬಿಟ್ಟಿಗಿ ಮಣ್ಣಿನ್ಯಾಗ ರಂಜಕ ಹಿಡಿದು ಕೂಡೋದು ಸುಣ್ಣ ಅಲ್ಲ, ಕಬ್ಬಿಣ ಮತ್ತ ಅಲ್ಯೂಮಿನಿಯಂ. ಅಲ್ಲಿ ಸಾಲಿನ್ಯಾಗ ಬೀಳಿಸೋದು ಇನ್ನಾ ಮುಖ್ಯ. ಉದ್ದು, ಹೆಸರು 65-75 ದಿನದ ಬೆಳಿ. ಅದಕ್ಕ ಮ್ಯಾಲುಗೊಬ್ಬರ ಅನ್ನೋ ಮಾತೇ ಇಲ್ಲ, ಬಿತ್ತುವಾಗ ಹಾಕಿದ್ದೇ ಹಾಕಿದ್ದು.

ಇನ್ನೊಂದು ಚೋಪಡಿಯವರು ಬಿಟ್ಟದ್ದು. ಸಾರಜನಕ ಈ ಹಂಗಾಮಿಗೆ ಮುಗೀತದ, ರಂಜಕ ಮುಗಿಯಂಗಿಲ್ಲ. ಹಾಕಿದ್ರಾಗ ಒಂದು ಪಾಲು ಮಾತ್ರ ಈ ಬೆಳಿ ತಗೋತದ, ಉಳಿದದ್ದು ಮುಂದಿನ ಜ್ವಾಳಕ್ಕ, ಕಡ್ಲಿಗೆ ಒಂದಿಷ್ಟು ಸಿಗ್ತದ. ಅಂದ ಮ್ಯಾಲ 1,350 ಪೂರಾ ತೊಗರಿ ತಲಿ ಮ್ಯಾಲೇ ಹಾಕೋದು ಸರಿಯಲ್ಲ.

ಲೆಕ್ಕದ ಚೋಪಡಿ
ಒಪ್ಪಿದೆ, ಆದ್ರ ಅದು ಉಲ್ಟಾನೂ ಹೊಡೀತದ. ಹತ್ತು ವರ್ಷದಿಂದ ಎರಡೆರಡು ಚೀಲ ಸುರಿದ ಹೊಲದಾಗ ಹಿಂದಿನದೇ ಕೂಡಿಬಿದ್ದಿರ್ತದ. ಅಲ್ಲಿ ಈ ವರ್ಷದ ಮೊದಲ್ನೇ ಚೀಲಕ್ಕೇ ಜಾಸ್ತಿ ಕೆಲಸ ಇರಂಗಿಲ್ಲ.

ಮತ್ತ ಉಳಿದ ರಂಜಕ ಯಾರದು? ಹೊಲ ಸ್ವಂತದ್ದಿದ್ರ ನಿಮ್ಮದು. ಒಂದು ವರ್ಷದ ಲಾವಣಿಗೆ ಹಿಡಿದಿದ್ರ ಮುಂದಿನ ವರ್ಷ ಬರೋ ಮನುಷ್ಯಂದು. ಲಾವಣಿಯವರು ಈ ಹಂಗಾಮಿನ್ಯಾಗ ತಿರುಗಿ ಬರೋಷ್ಟಕ್ಕೇ ಕೈ ಹಿಡೀಬೇಕು. ಪಾಲಿಗೆ ಮಾಡೋರದು ಇನ್ನಾ ತ್ರಾಸು: ಗೊಬ್ಬರ ಪೂರಾ ಪಾಲುದಾರಂದು, ರಾಶಿ ಅರ್ಧ-ಅರ್ಧ ಅಂತ ಮಾತಾಗಿದ್ರ 21 ಕೆಜಿ ಇದ್ದದ್ದು 42 ಆಗ್ತದ. ಗೊಬ್ಬರದ ಖರ್ಚೂ ಅರ್ಧ ಹಂಚ್ಕೊಂಡ್ರ ಮತ್ತ 21ಕ್ಕ ಬರ್ತದ. ಪಾಲಿನ ಹೊಲಕ್ಕ ಗೊಬ್ಬರ ಕಮ್ಮಿ ಹಾಕ್ತಾರಂತ ಮಾಲಕರು ಬೈತಾರ, ಬೈಯೋ ಮುಂಚೆ ಮಾತುಕತಿ ತಿದ್ದಬೇಕು.

ಶಹಾಪುರ ಕಾಲುವಿ
ನಾರಾಯಣಪುರ ಎಡದಂಡೆ ಕಾಲುವಿ ಕೆಳಗಿನ ಭತ್ತಕ್ಕ ಈ ಲೆಕ್ಕ ಹಾಕಿದ್ರ ಮಜಾ ಅದ. ನೀರಾವರಿ ಭತ್ತಕ್ಕ ಹೆಕ್ಟೇರಿಗೆ 150:75:75 (ಸಾರಜನಕ:ರಂಜಕ:ಪೊಟ್ಯಾಷ್ ಕೆಜಿ), ಎಕರೆಗೆ 60:30:30. 60ರ ಮ್ಯಾಲ ಇನ್ನೊಂದು ಚೀಲ ಯೂರಿಯಾ ಹಾಕಿದ್ರ ಒಂದು ಚೀಲ ಭತ್ತ (75 ಕೆಜಿ) ಜಾಸ್ತಿ ಬರ್ತದಂತ ಹಿಡಿದ್ರೂ, 2025-26ರ ಬೆಂಬಲ ಬೆಲೆ 2,369ಕ್ಕ 1,777 ರೂಪಾಯಿ. ಖರ್ಚು 266.50. ಲೆಕ್ಕ "ಇನ್ನಾ ಹಾಕು" ಅಂತದ! ಹನ್ನೆರಡು ಕೆಜಿ ಭತ್ತ ಜಾಸ್ತಿ ಬಂದ್ರೂ ಚೀಲದ ರೊಕ್ಕ ಮುಟ್ತದ. ಅದಕ್ಕೇ ನಮ್ಮ ಕಡಿ ಯಾರೂ ಕೈ ತಡೆಯಂಗಿಲ್ಲ.

ಕೂರಿಗಿ ಬಟ್ಟಲ
ಅಲ್ಲಿ ಯೂರಿಯಾ ಚೀಲದ ಬೆಲೆ ನಿಮ್ಮನ್ನು ನಿಲ್ಲಿಸುವುದಿಲ್ಲ, ಅದರ ಹಿಂದೆ ಬರುವ ಖರ್ಚು ನಿಲ್ಲಿಸಬೇಕು. ಸಾರಜನಕ ಏರಿದರೆ ಪೈರು ದಟ್ಟ, ಮೆತ್ತಗೆ. ಬುಡದಲ್ಲಿ ಗಾಳಿ ಆಡದು, ಕಂದು ಜಿಗಿಹುಳು ಕೂರುತ್ತದೆ, ಬೆಂಕಿ ರೋಗ ಏರುತ್ತದೆ, ತೆನೆ ತುಂಬಿದಾಗ ಒಂದು ಗಾಳಿಗೆ ಮಲಗುತ್ತದೆ. ಮಲಗಿದ ಭತ್ತಕ್ಕೆ ಕಟಾವು ಯಂತ್ರ ಜಾಸ್ತಿ ಹೊತ್ತು ತಗೊಳ್ಳುತ್ತದೆ, ಬಾಡಿಗೆ ಗಂಟೆ ಲೆಕ್ಕ. ಎರಡು ಹೆಚ್ಚುವರಿ ಔಷಧ ಸಿಂಪಡಣೆ, ಆಳು, ಯಂತ್ರದ ಹೆಚ್ಚು ಗಂಟೆ ಇವನ್ನು ಆ 266ಕ್ಕೆ ಕೂಡಿಸಿ ಆಮೇಲೆ 1,777ರ ಜೊತೆ ಹೋಲಿಸಿ.

ಕೊಡುವುದನ್ನೂ ಮೂರು ಕಂತು ಮಾಡಿ: ಅರ್ಧ ನಾಟಿಗೆ, ಕಾಲು ತೆಂಡೆ ಒಡೆಯುವಾಗ, ಕಾಲು ತೆನೆ ಹುಟ್ಟುವಾಗ. ನಿಂತ ನೀರಿಗೆ ಯೂರಿಯಾ ಎಸೆಯಬೇಡಿ. ಹಗಲು ಗದ್ದೆ ನೀರಿನ ಕ್ಷಾರ ಏರುತ್ತದೆ, ಅಮೋನಿಯಾ ಹಾರಿ ಹೋಗುತ್ತದೆ. ನೀರು ಬಸಿದು, ಕೆಸರಿಗೆ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ಇಷ್ಟು ಮಾಡಿದರೆ ಆ ಹೆಚ್ಚಿನ ಚೀಲ ಬೇಕೇ ಆಗುವುದಿಲ್ಲ.

ಮಸಾರಿ ಬೀದರ
ಕಬ್ಬಿಗೂ ಇಂಥದೇ ಗಂಟು. ಸಾರಜನಕ ತಡವಾಗಿ, ಐದು ತಿಂಗಳ ಮ್ಯಾಲ ಹಾಕಿದ್ರ ಕಬ್ಬು ತೂಕ ಹಿಡೀತದ, ಸಕ್ಕರಿ ಇಳುವರಿ ಬೀಳ್ತದ. ಆದ್ರ ಎಫ್‌ಆರ್‌ಪಿ (ಕೇಂದ್ರ ಸರಕಾರ ಗೊತ್ತು ಮಾಡೋ ಕಬ್ಬಿನ ಕನಿಷ್ಠ ದರ, 2025-26ಕ್ಕ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355) ಕಾರ್ಖಾನಿಯ ಸರಾಸರಿ ಮ್ಯಾಲ. ನಿಮ್ಮ ಕಬ್ಬಿನ ಸಕ್ಕರಿಗೆ ನಿಮಗ ರೊಕ್ಕ ಇಲ್ಲ, ತೂಕಕ್ಕ ಅದ. ಒಬ್ಬೊಬ್ಬರ ಲೆಕ್ಕ ಸರಿ, ಎಲ್ಲಾರೂ ಹಂಗೇ ಮಾಡಿದ್ರ ಎಲ್ಲಾರ ರೇಟೂ ಕೆಳಗ.

ಭೀಮಾ ದಂಡಿ
ವಿಷಯ ಭತ್ತಕ್ಕ, ಕಬ್ಬಿಗೆ ಹೋತು. ಜೇವರ್ಗಿಯವರು ಎರಡನೇ ಚೀಲ ಬಿಟ್ರು ಅಂತ ಇಟ್ಕೋರಿ. ಉಳಿದ 1,483 ಕಿಸೆದಾಗ ಇಡಬೇಕೋ, ಹೊಲದಾಗ ಬ್ಯಾರೆ ಕಡಿ ಹಾಕ್ಬೇಕೋ?

ಲೆಕ್ಕದ ಚೋಪಡಿ
ರೊಕ್ಕ ಮಿತಿ ಇದ್ದಾಗ ಕೇಳೋ ಪ್ರಶ್ನೆನೇ ಅದು: ಮುಂದಿನ ನೂರು ರೂಪಾಯಿ ಎಲ್ಲಿ ಜಾಸ್ತಿ ದುಡೀತದ? ತೊಗರಿ ಶಿಫಾರಸಿನ್ಯಾಗ ಹೆಕ್ಟೇರಿಗೆ 20 ಕೆಜಿ ಗಂಧಕ, 15 ಕೆಜಿ ಸತುವಿನ ಸಲ್ಫೇಟ್ ಅದ. ಎಕರೆಗೆ 8 ಮತ್ತ 6. ಬರೀ ಡಿಎಪಿ ಹಾಕೋ ಹೊಲಕ್ಕ ಗಂಧಕ ಒಂದು ಗುಂಜಿನೂ ಹೋಗಂಗಿಲ್ಲ. ಕಮ್ಮಿ ಇರೋದು ಗಂಧಕ ಆದ್ರ ರಂಜಕ ಸುರಿದು ಏನೂ ಆಗಂಗಿಲ್ಲ.

ಗಂಧಕದ ರೇಟು ಹಿಂಗ ತಗೀರಿ. ಸೂಪರ್ ಫಾಸ್ಫೇಟ್ ಚೀಲದಾಗ 8 ಕೆಜಿ ರಂಜಕ, 5.5 ಕೆಜಿ ಗಂಧಕ. ಚೀಲ 600 ಅಂತ ಹಿಡಿದ್ರ, ರಂಜಕಕ್ಕ 53.65ರಂಗ 429 ಕಳೆದು, ಗಂಧಕ ಕಿಲೋಕ್ಕ 31. 20:20:0:13 (ಕೊನೇ ಅಂಕಿ ಗಂಧಕ) ಚೀಲ 1,300 ಅಂತ ಹಿಡಿದ್ರ, 10 ಕೆಜಿ ಸಾರಜನಕ, 10 ಕೆಜಿ ರಂಜಕದ ಬೆಲಿ 665 ಕಳೆದು ಉಳಿದ 635ಕ್ಕ 6.5 ಕೆಜಿ ಗಂಧಕ. ಕಿಲೋಕ್ಕ 98! ಅಂಗಡಿಯವರು "ಇದರಾಗ ಎಲ್ಲಾ ಅದ" ಅಂತ ಕೊಡೋ ಚೀಲ ತೊಗರಿಗೆ ಇಷ್ಟು ತುಟ್ಟಿ. 10:26:26 ಬಗ್ಗೆ ಕೇಳಬ್ಯಾಡ್ರಿ, ಪೊಟ್ಯಾಷ್ ಮೊದಲೇ ತುಂಬಿರೋ ಎರಿಗೆ 13 ಕೆಜಿ ಪೊಟ್ಯಾಷ್ ಕೊಂಡು ಹಾಕಿದಂಗ.

ಡಿಎಪಿ ಬಿಟ್ಟು ಎರಡೂವರಿ ಚೀಲ ಸೂಪರ್, ಅರ್ಧ ಚೀಲ ಯೂರಿಯಾ ಬಿತ್ತಗಿಗೇ ಕೊಟ್ರ 1,633. ಎಕರೆಗೆ 283 ಜಾಸ್ತಿ, ಅದಕ್ಕ 13.75 ಕೆಜಿ ಗಂಧಕ ಬಂತು. ತ್ರಾಸು ಅಂದ್ರ ಎಂಟು ಎಕರೆಗೆ 20 ಚೀಲ ಹೊರಬೇಕು. ಅದು ಬ್ಯಾಡ ಅಂದ್ರ ಒಂದು ಚೀಲ ಡಿಎಪಿ ಮತ್ತ 45 ಕೆಜಿ ಜಿಪ್ಸಂ.

ಕೂರಿಗಿ ಬಟ್ಟಲ
ಸತುವಿನ ಸಲ್ಫೇಟ್ ಡಿಎಪಿ ಜೊತೆ ಕಲಸಬೇಡಿ, ಎರಡೂ ಕಟ್ಟಿಕೊಂಡು ಕರಗದ ಉಪ್ಪಾಗುತ್ತದೆ. ತಿಪ್ಪೆ ಗೊಬ್ಬರದ ಜೊತೆ ಕಲಸಿ ಬೇರೆಯಾಗಿ ಹಾಕಿ. ಪ್ರತಿ ವರ್ಷವೂ ಬೇಡ, ಎರಡು-ಮೂರು ವರ್ಷಕ್ಕೊಮ್ಮೆ ಸಾಕು.

ಉಳಿದ ರೊಕ್ಕ ಹೂವಿನ ಹೊತ್ತಿಗೆ ಇಟ್ಟುಕೊಳ್ಳಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಎಲೆಗೆ ಸಿಂಪಡಿಸುವ ಪೋಷಕಾಂಶದ ಮಿಶ್ರಣ) ಲೀಟರಿಗೆ 10 ಗ್ರಾಂ, ಹೂವಾಡುವಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಕಾಯಿಕೊರಕಕ್ಕೆ ಸಕಾಲದಲ್ಲಿ ಔಷಧ ಹೊಡೆಯಲು ಕೈಯಲ್ಲಿ ರೊಕ್ಕ ಇರಬೇಕು. ಜೂನ್‌ನಲ್ಲಿ ಡಿಎಪಿಗೆ ಖಾಲಿ ಮಾಡಿ ನವೆಂಬರ್‌ನಲ್ಲಿ ಹುಳ ನೋಡುತ್ತ ನಿಲ್ಲುವುದು ಎಲ್ಲಕ್ಕಿಂತ ದುಬಾರಿ. 45-50ನೇ ದಿನ ಕುಡಿ ಚಿವುಟುವುದಕ್ಕೆ ಗೊಬ್ಬರವೇ ಬೇಡ, ಆಳಿನ ಕೂಲಿ ಸಾಕು.

ಶಹಾಪುರ ಕಾಲುವಿ
ಮಣ್ಣು ಪರೀಕ್ಷಾ ಚೀಟಿ ಓದೋವಾಗ ಒಂದು ಎಚ್ಚರ. ಕೆಲವು ಚೀಟಿಯೊಳಗ ರಂಜಕ "ಪಿ" ಲೆಕ್ಕದಾಗ, ಕೆಲವುದ್ರಾಗ "ಪಿ2ಓ5" ಲೆಕ್ಕದಾಗ ಇರ್ತದ. ಮೊದಲ್ನೇದನ್ನ 2.29ರಿಂದ ಗುಣಿಸಿದ್ರ ಎರಡನೇದು. ಹೆಕ್ಟೇರಿಗೆ "ಪಿ" 10ರ ಕೆಳಗ ಇದ್ರ ಕಮ್ಮಿ, 25ರ ಮ್ಯಾಲ ಇದ್ರ ಜಾಸ್ತಿ. ಜಾಸ್ತಿ ಇದ್ರ ಶಿಫಾರಸಿನ್ಯಾಗ ಕಾಲು ಭಾಗ ಇಳಸ್ರಿ, ಕಮ್ಮಿ ಇದ್ರ ಕಾಲು ಭಾಗ ಏರಸ್ರಿ. ಸತು 0.6 ಪಿಪಿಎಂ (ಹತ್ತು ಲಕ್ಷ ಪಾಲಿನ್ಯಾಗ ಎಷ್ಟು ಪಾಲು ಅನ್ನೋದು), ಗಂಧಕ 10 ಪಿಪಿಎಂ ಕೆಳಗ ಇದ್ರಷ್ಟೇ ಕೊರತಿ.

ಮಣ್ಣು ತೆಗೆಯೋದು ಬ್ಯಾಸಗಿಯೊಳಗ, ಗೊಬ್ಬರ ಹಾಕೋ ಮುಂಚೆ. ವಿ ಆಕಾರದ ತೆಗ್ಗು, 15 ಸೆಂಟಿಮೀಟರ್ ಆಳ, 8-10 ಕಡಿ. ಬದು, ಗಿಡದ ನೆರಳು, ತಿಪ್ಪಿ ಜಾಗ ಬಿಡ್ರಿ. ಮನಿ ಮುಂದಿನ ಮೂಲಿಯಿಂದ ಒಂದು ಬುಟ್ಟಿ ತುಂಬಿ ಕೊಟ್ಟು ಚೀಟಿ ತಪ್ಪು ಅನ್ನೋರೇ ಜಾಸ್ತಿ.

ಭೀಮಾ ದಂಡಿ
ಒಂದೇ ಚೀಲ ಅಂದ ಮ್ಯಾಲ ಆ ಒಂದು ಖೊಟ್ಟಿ ಇರಬಾರದು. ಹತ್ತು ಕಾಳು ಡಿಎಪಿ ಅಂಗೈಯಾಗ ಹಾಕಿ ತಂಬಾಕಿಗೆ ಹಚ್ಚಿದಂಗ ಸುಣ್ಣ ಹಚ್ಚಿ ತಿಕ್ರಿ. ಮೂಗಿಗೆ ಹೊಡಿಯೋ ಘಾಟು ಬರಬೇಕು. ಹಂಚಿನ ಮ್ಯಾಲ ಕಾಸಿದ್ರ ಕಾಳು ಉಬ್ಬಬೇಕು.

ಕೂರಿಗಿ ಬಟ್ಟಲ
ಘಾಟು ಅಮೋನಿಯಾದ್ದು, ಅದು 20:20ಕ್ಕೂ ಬರುತ್ತದೆ. ಘಾಟು ಬರದಿದ್ದರೆ ಖಂಡಿತ ಡಿಎಪಿ ಅಲ್ಲ. ಬಂದರೆ ಡಿಎಪಿಯೇ ಎಂದು ಹೇಳಲಾಗದು. ಪಿಓಎಸ್ (ಅಂಗಡಿಯ ಮಾರಾಟ) ಯಂತ್ರದ ಬಿಲ್ಲು, ಚೀಲದ ಹೊಲಿಗೆ, ಅಚ್ಚಾದ ದರ ನೋಡಿ.

ಜೇವರ್ಗಿ ಎರಿ
ಈ ವರ್ಷ ಆರು ಎಕರೆಗೆ ಒಂದೇ ಚೀಲ, ಬಿತ್ತಗಿಗೇ, ಜಿಪ್ಸಂ ಕೂಡಿಸಿ. ಎರಡು ಎಕರೆ ಹಳೇ ವಾಡಿಕಿಯಂಗ ಬಿಡ್ತೀನಿ. ರಾಶಿ ಮುಂದ ಎರಡೂ ಕಡಿ 4 ಸಾಲು, 10 ಮೀಟರ್ ಉದ್ದ ಕೊಯ್ದು ತೂಗಿದ್ರ ಗೊತ್ತಾಗ್ತದಲ್ಲ?

ಲೆಕ್ಕದ ಚೋಪಡಿ
ಗೊತ್ತಾಗಂಗಿಲ್ಲ. 4 ಸಾಲು ಅಂದ್ರ 4.8 ಮೀಟರ್, 10 ಮೀಟರ್ ಉದ್ದಕ್ಕ 48 ಚದರ ಮೀಟರ್. ಎಕರೆ ಅಂದ್ರ 4,047. ನಿಮ್ಮ ತೂಕಾನ 84ರಿಂದ ಗುಣಿಸಬೇಕಾಗ್ತದ. ನೀವು ಹುಡುಕ್ಲಿಕತ್ತಿದ್ದು ಎಕರೆಗೆ 20 ಕೆಜಿ ಫರಕು, ಅಂದ್ರ ಆ ತುಣುಕಿನ್ಯಾಗ ಕಾಲು ಕಿಲೋಕ್ಕಿಂತ ಕಮ್ಮಿ. ಎರಡು ಗಿಡ ನೆಟೆ ಬಂದಿದ್ರ, ಒಂದು ಹಿಡಿ ಕಾಳು ಸಿಡಿದಿದ್ರ ಅಷ್ಟು ಹೋಗಿಬಿಡ್ತದ.

ಮೂಲಿಗೆ ಎರಡು ಎಕರೆ ಬಿಡೋದೂ ಬ್ಯಾಡ, ಆ ಮೂಲಿಯ ಮಣ್ಣೇ ಬ್ಯಾರೆ ಇರಬಹುದು. 8 ಸಾಲು ಒಂದು ಚೀಲದ್ದು, ಪಕ್ಕದ 8 ಸಾಲು ಎರಡು ಚೀಲದ್ದು, ಹಿಂಗ ಹೊಲದ ಮೂರು ಕಡಿ ಜೋಡಿ ಮಾಡ್ರಿ. 8 ಸಾಲು, 100 ಮೀಟರ್ ಉದ್ದ ಅಂದ್ರ 960 ಚದರ ಮೀಟರ್, ಗುಣಿಸೋದು 4.2. ಎಕರೆಗೆ 20 ಕೆಜಿ ಫರಕು ಅಲ್ಲಿ ಸುಮಾರು 4 ಕಿಲೋ 750 ಗ್ರಾಂ, ಅದು ಅಡತಿ ಕಾಟಾಕ್ಕೂ ಕಾಣ್ತದ. ಸಾಲಿನ ತುದಿಗೆ ಕಲ್ಲು ನೆಟ್ಟು ಬಣ್ಣ ಹಚ್ರಿ, ಜನವರಿತನಕ ಯಾವ ಸಾಲು ಯಾವುದು ನೆನಪಿರಂಗಿಲ್ಲ. ರಾಶಿ ಯಂತ್ರದವರಿಗೆ ಮೊದಲೇ ಹೇಳ್ರಿ, ಪಟ್ಟಿ ಪಟ್ಟಿ ಬ್ಯಾರೆ ಚೀಲಕ್ಕ ತುಂಬಬೇಕು, ನಡುವ ಯಂತ್ರ ಖಾಲಿ ಓಡಸ್ಬೇಕು. ಮೂರು ಜೋಡಿಯೊಳಗ ಮೂರೂ ಒಂದೇ ಕಡಿ ವಾಲಿದ್ರ ನಂಬ್ರಿ, ಎರಡು ಆ ಕಡಿ ಒಂದು ಈ ಕಡಿ ಆದ್ರ ಮತ್ತೊಂದು ವರ್ಷ ತೂಗ್ರಿ.